ಊರು ಖಾಲಿಯಿದ್ದ ಮಂಗಳವಾರ

ನಾಗಲಿಂಗನ ಬೆರಳುಗಳು ಟೈಪ್‌ರೈಟರಿನ ಮೇಲೆ ನಿಂತುಬಿಟ್ಟವು.

"ಬಾಯಾರ, ಈ ತಾರೀಖು ಖರೇನ ಹಿಂಗ ಐತೇನ್ರಿ? ಇಲ್ಲಾ ನನ್ನ ಕಣ್ಣು ಹೋದುವೋ?"

ಬೆಳಗಾವಿ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಕೆಳಗೆ ಅವನ ಮೇಜು. ಎದುರಿನ ಕಬ್ಬಿಣದ ಕುರ್ಚಿಯಲ್ಲಿ ವಕೀಲೆ ಜಿನಮತಿ ಕುಳಿತಿದ್ದಳು. ಹಿರೇಬೈಲದ ದೇವಿ ಗುಡಿಯ ದಾವೆ ನಾಳೆ ಹನ್ನೊಂದಕ್ಕೆ ಇತ್ತು. ಎದುರಿನವರು ಹಾಜರುಪಡಿಸಿದ್ದ ಒಪ್ಪಿಗೆ ಪತ್ರದ ನಕಲನ್ನು ಅವಳು ಟೈಪ್ ಮಾಡಿಸುತ್ತಿದ್ದಳು.

ಐದು ತಿಂಗಳಿಂದ ಅವಳ ನಿದ್ದೆ ಕೆಡಿಸಿದ್ದು ಆ ಒಂದೇ ಹಾಳೆ. ಪೂಜಾರಿ ಭರಮಣ್ಣ ತೀರಿಕೊಳ್ಳುವ ಹಿಂದಿನ ದಿನ ಗುಡಿಯ ಕೀಲಿಕೈ, ಪೂಜೆ, ಆಡಳಿತ ಎಲ್ಲವನ್ನೂ ರಾಯಪ್ಪನ ಕಮಿಟಿಗೆ ಬಿಟ್ಟುಕೊಟ್ಟು ಹೆಬ್ಬಟ್ಟು ಒತ್ತಿದ್ದಾನೆ ಎಂದು ಅದರಲ್ಲಿ ಬರೆದಿತ್ತು. ಹೆಬ್ಬಟ್ಟು ಭರಮಣ್ಣನದೇ ಎಂದು ತಜ್ಞರೂ ಹೇಳಿದ್ದರು. ಆ ಪತ್ರ ನಿಂತರೆ ಅವನ ಹೆಂಡತಿ, ಜಿನಮತಿಯ ಕಕ್ಷಿದಾರಳು ಸಾತವ್ವ, ಗುಡಿಯ ಹಿಂದಿನ ಮನೆ ಬಿಡಬೇಕು. ಏಳು ತಲೆಮಾರಿನಿಂದ ಆ ಮನೆತನ ಹಚ್ಚಿಕೊಂಡು ಬಂದ ದೀಪವನ್ನೂ ಬಿಡಬೇಕು.

"ಎರಡು ಮೇ, ಮಂಗಳವಾರ. ಯಾಕ, ಏನಾತು?" ಎಂದಳು ಜಿನಮತಿ.

"ಆವತ್ತು ನಮ್ಮೂರಾಗ ಹೊರಬೀಡ್ರಿ."

"ಹಂಗಂದ್ರ?"

ನಾಗಲಿಂಗ ಹುಟ್ಟಿದ್ದು ಹಿರೇಬೈಲದಲ್ಲೇ. ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ನೀವು ಪ್ಯಾಟಿ ಮಂದಿ, ನಿಮಗೇನ ಗೊತ್ತಾಗಬೇಕು. ಮಳಿಗಾಲಕ್ಕ ಮೊದಲ ಒಂದು ಮಂಗಳಾರ ಊರಿನ ಒಲಿ ಎಲ್ಲಾ ಆರಿಸಿ, ಬಾಗಲಾ ಹಾಕ್ಕೊಂಡು, ಮಾವಿನ ತೋಪಿಗೆ ಹೋಗಬೇಕ್ರಿ. ಕೂಸು, ಮುದುಕರು, ದನ, ಕೋಳಿ ಎಲ್ಲಾ. ಹೊತ್ತು ಮುಳುಗೂತನಕ ಊರು ದೇವೀದು. ಒಳಗ ಒಂದು ಜೀವ ಇರಬಾರದು. ನಮ್ಮ ಬೆಕ್ಕನ್ನ ಚೀಲದಾಗ ಹಾಕ್ಕೊಂಡು ಹೋಗಿದ್ನಿ. ಪರಚಿದ ಕಲಿ ಇನ್ನೂ ಐತಿ, ನೋಡ್ರಿ."

ಅವನು ಮೊಣಕೈ ತೋರಿಸಿದ. ಜಿನಮತಿ ಅದನ್ನು ನೋಡಲಿಲ್ಲ. ಅವಳ ಕಣ್ಣು ಹಾಳೆಯ ಮೇಲಿತ್ತು.

"ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕ ಗುಡಿ ಕಟ್ಟಿ ಮ್ಯಾಲ ಅಂತ ಬರದಾರ. ಐದು ಮಂದಿ ಪಂಚರ ಮುಂದ ಅಂತ."

"ಆ ಐದೂ ಮಂದಿ ನನ್ನ ಬಾಜೂಕ ಕುಂತು ಹೋಳಿಗಿ ತಿಂದಾರ್ರಿ! ಒಬ್ಬಾಂವಂತೂ ನನ್ನ ಎಲಿಯಾಗಿಂದ ಎತ್ತಿಕೊಂಡು ತಿಂದ."

ಬಹಳ ದಿನಗಳ ಮೇಲೆ ಜಿನಮತಿಯ ಮುಖದಲ್ಲಿ ನಗು ಬಂತು. ಐವರು ಪಂಚರೂ ಸುಳ್ಳು ಎಂದಾದರೆ ಪತ್ರ ಬಿದ್ದಂತೆಯೇ.

ಅವಳು ಫೈಲು ಎತ್ತಿಕೊಂಡು ಏಳುವಾಗ ಚಹಾದ ಗಾಡಿಯ ಹತ್ತಿರ ರಾಯಪ್ಪ ನಿಂತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಮಡಿಚಿದ ಟವೆಲು.

"ಏನ್ರಿ ಬಾಯಾರ, ಮಾರಿ ಮ್ಯಾಲ ಬೆಳಕು ಬಂದೈತಿ? ಪಂಚರ ಸುದ್ದಿ ಗೊತ್ತಾತೇನು? ಆಗಲಿ. ಪಂಚರದು ಏನರೆ ಇರಲಿ. ಹೆಬ್ಬಟ್ಟು ಖರೇ ಐತೋ ಇಲ್ಲೋ, ಅಷ್ಟ ಹೇಳ್ರಿ. ಅದನ್ನ ನಾ ಮನ್ಯಾಗ ಮಾಡಿಲ್ಲ." ಬಸಿಯಲ್ಲಿ ಉಳಿದ ಚಹಾ ಕುಡಿದು ಅವನು ಬಾಯಿ ಒರೆಸಿಕೊಂಡ. "ನಾಳೆ ಸಾತವ್ವಗ ಒಂದ ಮಾತು ಕೇಳಸ್ತೀನಿ. ಒಂದ ಮಾತು. ಆಮ್ಯಾಲ ನೀವ ದಾವಾ ಹಿಂದಕ್ಕ ತಗೋತೀರಿ."

ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಸಿಕ್ಕಿಬಿದ್ದ ಮನುಷ್ಯ ಹೀಗೆ ಮಾತಾಡುವುದಿಲ್ಲ ಎಂದು ಜಿನಮತಿಗೆ ಅನಿಸಿತು.

ಸಾತವ್ವನನ್ನು ಕಾಣಲು ಖಾನಾಪುರದ ಬಸ್ ಹಿಡಿಯುವ ಮೊದಲು ಅವಳು ದಫ್ತರದ ಕೋಣೆಗೆ ಹೋದಳು. ಅರ್ಜಿ ಕೊಟ್ಟು, ಒಂದು ಗಂಟೆ ಕಾದು, ಮೂಲ ಪತ್ರವನ್ನು ತರಿಸಿ ನೋಡಿದಳು. ನಕಲಿನಲ್ಲಿ ಇಲ್ಲದ ಒಂದು ಬದಿ ಅದರಲ್ಲಿತ್ತು. ಛಾಪಾ ಕಾಗದದ ಬೆನ್ನು.

ಅಲ್ಲಿ ಖಾನಾಪುರದ ಛಾಪಾ ಮಾರುವವನ ನೇರಳೆ ಮೊಹರಿನ ಶಿಕ್ಕೆ ಇತ್ತು. ಕೊಂಡವರು ರಾಯಪ್ಪ. ಮಾರಿದ ದಿನ, ಎರಡು ಮೇ.

ಖಾನಾಪುರದ ಬಸ್ಸಿನ ಕಿಟಕಿಯ ಬದಿಗೆ ಕುಳಿತಾಗಲೂ ಆ ಶಿಕ್ಕೆಯೇ ಅವಳ ಕಣ್ಣ ಮುಂದಿತ್ತು. ಪೀರನವಾಡಿ ದಾಟಿತು. ಹೊಸ ಮನೆಗಳ ನಡುವೆ ಇನ್ನೂ ಉಳಿದ ಗದ್ದೆಗಳಲ್ಲಿ ಭತ್ತ ತೆನೆ ಬಾಗಿಸಿತ್ತು.

ಕಾಗದ ಕೊಂಡದ್ದು ಎರಡನೇ ತಾರೀಖು. ಭರಮಣ್ಣ ಸತ್ತದ್ದು ಮೂರನೇ ತಾರೀಖು ನಸುಕಿನಲ್ಲಿ. ಹೆಬ್ಬಟ್ಟು ನಿಜವಾಗಿಯೂ ಅವನದು. ಹಾಗಾದರೆ ಅದನ್ನು ಒತ್ತಿಸಿಕೊಳ್ಳಲು ಆ ಮಂಗಳವಾರ ಬಿಟ್ಟು ಬೇರೆ ದಿನವೇ ಇರಲಿಲ್ಲ.

ತಾರೀಖು ಸುಳ್ಳಲ್ಲ. ಪಂಚರಷ್ಟೇ ಸುಳ್ಳು.

ಆದರೆ ಊರಿಗೆ ಊರೇ ತೋಪಿನಲ್ಲಿತ್ತು. ಇನ್ನೂರು ಜನರ ನಡುವೆ ಪಾರ್ಶ್ವವಾಯು ಹೊಡೆದು ಮಲಗಿದ್ದ ಭರಮಣ್ಣನ ಕೈ ಹಿಡಿದು, ಮಸಿ ಹಚ್ಚಿ, ಕಾಗದಕ್ಕೆ ಒತ್ತುವುದು ಯಾರ ಕಣ್ಣಿಗೂ ಬೀಳದೆ ಸಾಧ್ಯವೇ? ಅವನು ನಿಜವಾಗಿಯೂ ತೋಪಿನಲ್ಲಿದ್ದನೇ?

ಬೆಳಗಿನ ಸಂತೋಷ ಅಲ್ಲಿಗೇ ಇಳಿದುಹೋಯಿತು.

*

ಖಾನಾಪುರ ಸ್ಟ್ಯಾಂಡಿನಲ್ಲಿ ಮುತ್ತಪ್ಪ ಮೋಟಾರ್ ಸೈಕಲ್ ಹಿಡಿದು ಕಾಯುತ್ತಿದ್ದ. ಭರಮಣ್ಣನ ತಮ್ಮ. ನಲವತ್ತೈದರ ಆಸುಪಾಸು, ಮೆತ್ತನೆ ಮಾತು. ದಾವೆ ಗೆದ್ದರೆ ಅಣ್ಣನ ಜಾಗದಲ್ಲಿ ಪೂಜೆಗೆ ನಿಲ್ಲುವವನು ಅವನೇ. ನಾಳೆಯ ಮೊದಲನೆಯ ಸಾಕ್ಷಿಯೂ ಅವನೇ.

"ನೀವು ಬಂದದ್ದು ಚಲೋ ಆತ್ರಿ. ವೈನಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ನನ್ನ ಮಾತು ಕೇಳಂಗಿಲ್ಲ," ಎಂದ. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ "ಗಟ್ಟಿ ಹಿಡ್ಕೋರ್ರಿ" ಎಂದು ನಿಧಾನ ಮಾಡಿದ.

ಹಿರೇಬೈಲದ ಗುಡಿಯ ಬಾಗಿಲಿಗೆ ಎರಡು ಬೀಗ ಇದ್ದವು. ಒಂದು ಸಾತವ್ವನ ಕಡೆಯದು, ಇನ್ನೊಂದು ಕಮಿಟಿಯದು. ತೀರ್ಪು ಬರುವ ತನಕ ಒಬ್ಬರನ್ನು ಬಿಟ್ಟು ಒಬ್ಬರು ತೆರೆಯುವಂತಿರಲಿಲ್ಲ. ಜೊತೆಗೆ ಬರಲು ಯಾರೂ ಒಪ್ಪಿರಲಿಲ್ಲ. ಹೊಸ್ತಿಲ ಹೊರಗೆ, ನೆಲದ ಮೇಲೆ ಒಂದು ಹಣತೆ ಉರಿಯುತ್ತಿತ್ತು. ಗಾಳಿ ತಾಗದಂತೆ ಯಾರೋ ಅದರ ಸುತ್ತ ಮೂರು ಹೆಂಚಿನ ಚೂರು ನಿಲ್ಲಿಸಿದ್ದರು.

"ದಿನಾ ಹಚ್ಚತಾಳ್ರಿ," ಎಂದ ಮುತ್ತಪ್ಪ. "ಒಳಗಿನಾಕೀಗೆ ಕಾಣತೈತೋ ಇಲ್ಲೋ."

"ನಾನು ಅಕ್ಕಾರ ಜೋಡಿ ಒಬ್ಬಾಕೀನ ಮಾತಾಡ್ತೀನಿ," ಎಂದಳು ಜಿನಮತಿ.

"ಮಾತಾಡ್ರಿ. ನಾ ಇಲ್ಲೇ ಕಟ್ಟಿ ಮ್ಯಾಲ ಇರ್ತೀನಿ."

ಸಾತವ್ವ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಅಕ್ಕಿ ಒಂದು ಹಿಡಿಗಿಂತ ಹೆಚ್ಚಿರಲಿಲ್ಲ. ಒಬ್ಬಳ ಊಟ.

"ಬರ್ರಿ ಬಾಯಾರ. ಕುಂದರ್ರಿ. ನೀಲಾನೂ ಬರ್ತೀನಿ ಅಂದಾಳ. ನಾಳೆ ಕೋರ್ಟಿಗಂತ ರಜಾ ತಗೊಂಡಾಳ."

ನೀಲಾ ಅವಳ ಒಬ್ಬಳೇ ಮಗಳು. ಬೆಳಗಾವಿ ನೆಹರು ನಗರದ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು.

ಜಿನಮತಿ ಕುಳಿತಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ ನೇರವಾಗಿಯೇ ಕೇಳಿದಳು.

"ಅಕ್ಕಾರ, ಹೊರಬೀಡಿನ ದಿನ ಭರಮಣ್ಣ ಎಲ್ಲಿದ್ರು?"

ಸಾತವ್ವನ ಬೆರಳು ಅಕ್ಕಿಯಲ್ಲಿ ನಿಂತಿತು. ಒಂದು ಕ್ಷಣ. ಮತ್ತೆ ಓಡಿತು.

"ತೋಪಿನ್ಯಾಗ. ಲಕ್ವಾ ಹೊಡದಿತ್ತಲ್ರಿ, ಚಕ್ಕಡ್ಯಾಗ ಮಲಗಿದ್ರು. ಊರ ಮಂದಿ ಎಲ್ಲಾ ನೋಡ್ಯಾರ."

"ಏನು ನೋಡ್ಯಾರ?"

"ಚಕ್ಕಡಿ."

"ಅವರ ಮಾರಿ?"

ಸಾತವ್ವ ಒಂದು ಹರಳನ್ನು ಹೆಕ್ಕಿ ನೆಲದ ಮೇಲೆ ಇಟ್ಟಳು.

"ನಾಳೆ ರಾಯಪ್ಪನ ವಕೀಲರು ಇದನ್ನ ಕೇಳ್ತಾರ. ಅವತ್ತು ಅವರ ಮಾರಿ ನೋಡಿದಾಂವ ಒಬ್ಬನ ಹೆಸರ ಹೇಳು ಅಂತಾರ. ನನಗರೆ ಈಗ ಹೇಳ್ರಿ. ಚಕ್ಕಡ್ಯಾಗ ಏನಿತ್ತು?"

ಸಾತವ್ವ ಮೊರವನ್ನು ಪಕ್ಕಕ್ಕೆ ಇಟ್ಟಳು. ಸೆರಗಿನಿಂದ ಅಂಗೈ ಒರೆಸಿಕೊಂಡಳು. ಅಂಗೈಯಲ್ಲಿ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ಒರೆಸಿದಳು.

"ಎರಡು ಹಾಸಿಗಿ ಸುರಳಿ. ಒಂದು ಭತ್ತದ ಚೀಲ. ಮ್ಯಾಲ ಅವರ ಕಂಬಳಿ."

ಹೊರಗೆ ಮುತ್ತಪ್ಪ ಯಾರನ್ನೋ ಕರೆದು ಮಾತಾಡಿಸುತ್ತಿದ್ದ. ಅವನ ನಗು ಕೇಳಿಸಿತು. ಸಾತವ್ವ ದನಿ ತಗ್ಗಿಸಿದಳು.

"ಎಡಗಡೆ ಕೈ ಕಾಲು ಎರಡೂ ಹೋಗಿದ್ವು. ಮಾತೂ ಹೋಗಿತ್ತು. ಕಣ್ಣಷ್ಟ ಇದ್ವು. ಖಾನಾಪುರದ ಡಾಕ್ಟರು ಅಲುಗಾಡಿಸಿದ್ರ ಉಳಿಯೂದಿಲ್ಲ ಅಂದಿದ್ರು. ಚಕ್ಕಡ್ಯಾಗ ಆ ದಾರಿ, ಆ ಬಿಸಲು... ನನ್ನ ಕೈಲೆ ಆಗಲಿಲ್ರಿ. ದೇವೀಗೆ ಕೈ ಮುಗದು ಹೇಳಿದೆ. ಯವ್ವಾ, ನಿನ್ನ ಪೂಜಿ ಮಾಡಿದಾಂವ ಅದಾನ, ಒಂದಿನ ನಿನ್ನ ಜೋಡಿ ಊರಾಗ ಇರಲಿ ಅಂದೆ. ಊರವರಿಗೆ ಹೇಳಿದ್ರ ಬಿಡತಿರಲಿಲ್ಲ."

"ಸಂಜೀಗೆ ಬಂದಾಗ?"

"ಹೊರಬೀಡಿನಿಂದ ತಿರುಗಿ ಬಂದಾಗ ಊರೊಳಗ ಮೊದಲ ಕಾಲಿಡಾಕಿ ಪೂಜಾರಿ ಮನಿ ಹೆಂಗಸು. ತೋಪಿನ ಬೆಂಕಿ ತಂದು ನಮ್ಮ ಒಲಿ ಹೊತ್ತಸಬೇಕು. ಆಮ್ಯಾಲ ಎಲ್ಲಾ ಮನಿಯವರು ನಮ್ಮ ಒಲಿಯಿಂದ ಕೆಂಡ ಒಯ್ಯತಾರ. ನಾ ಒಬ್ಬಾಕೀನ ಒಳಗ ಬಂದೆ." ಅವಳು ಗೋಡೆಯ ಕಡೆಗೆ ನೋಡಿದಳು. "ಅಲ್ಲೇ ಮಲಗಿದ್ರು. ಮೈ ತಣ್ಣಗಿತ್ತು. ತಲಿದಿಂಬು ಕಾಲ ಕಡೆ ಬಿದ್ದಿತ್ತು. ಎಡಗೈ ಹೆಬ್ಬಟ್ಟು ನೀಲಿ."

"ಮಸಿ?"

"ಮಸಿ ಅಂತ ಆಮ್ಯಾಲ ಗೊತ್ತಾತು. ಆಗ ನಾ ವಿಷ ಏರಿದ್ದು ಅನಕೊಂಡೆ. ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದೆ. ಬಾಗಲದಾಗ ಅರವತ್ತು ಹೆಣ್ಣಮಕ್ಕಳು ಕೆಂಡದ ಬೋಕಿ ಹಿಡ್ಕೊಂಡು ನಿಂತಿದ್ರು. 'ಸಾತವ್ವಾ, ಯಾಕ ತಡಾ, ಕೂಸು ಹಸದಾವು' ಅಂತ ಕೂಗಾಕತ್ತಿದ್ರು."

ಜಿನಮತಿ ಗೋಡೆಯ ಬದಿಯ ಆ ನೆಲವನ್ನು ನೋಡಿದಳು.

"ಹೆಣ ಇದ್ದ ಮನಿ ಬೆಂಕಿ ಕೊಟ್ಟೀನ್ರಿ. ಅರವತ್ತು ಮನೀಗೂ ಕೊಟ್ಟೆ. ಸೂತಕದ ಬೆಂಕಿ. ಅದರ ಮ್ಯಾಲ ಅವರು ಅನ್ನಾ ಮಾಡಿ ಉಂಡ್ರು. ನಸುಕಿನ್ಯಾಗ ಎದ್ದು ಅತ್ತೆ. ಅಲ್ಲೀತನಕ ಅವರ ಬಾಜೂಕ ಸುಮ್ಮನ ಮಲಗಿದ್ದೆ."

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಅದನ್ನು ನೋಡುವುದೇ ಜಿನಮತಿಗೆ ಹೆಚ್ಚು ಕಷ್ಟವಾಯಿತು.

ರಾಯಪ್ಪ ಹೇಳಿದ ಆ ಒಂದು ಮಾತು ಯಾವುದೆಂದು ಈಗ ತಿಳಿಯಿತು. ಮನೆತನದ ಹಕ್ಕು ತೋರಿಸಲು ಐವತ್ತು ವರ್ಷ ಹಿಂದಿನ ಒಂದು ಕರಾರನ್ನು ಜಿನಮತಿಯೇ ಕೋರ್ಟಿಗೆ ಹಾಜರುಪಡಿಸಿದ್ದಳು. ಊರ ಹಿರಿಯರೂ ಭರಮಣ್ಣನ ಅಜ್ಜನೂ ಸೇರಿ ಬರೆದದ್ದು. ಪೂಜೆ, ಕೀಲಿಕೈ, ಆಡಳಿತ ಈ ಮನೆಯ ಗಂಡಸರದು ಎಂದು ಅದರಲ್ಲಿತ್ತು. ಕೊನೆಯಲ್ಲಿ ಇನ್ನೊಂದು ಸಾಲೂ ಇತ್ತು. ದೇವಿಯ ಹೊರಬೀಡನ್ನು ಪೂಜಾರಿಯ ಮನೆಯವರೇ ಮುರಿದರೆ ಆ ಹಕ್ಕು ಅಲ್ಲಿಗೆ ಮುಗಿಯಿತು.

ಅವಳು ಅದನ್ನು ಸಾತವ್ವನಿಗೆ ಬಿಡಿಸಿ ಹೇಳಿದಳು.

"ಭರಮಣ್ಣ ತೋಪಿನ್ಯಾಗ ಇದ್ರು ಅಂತ ನೀವು ಹೇಳಿದ್ರ, ಅದು ಸುಳ್ಳು ಪ್ರಮಾಣ. ಮನ್ಯಾಗ ಇದ್ರು ಅಂತ ಖರೇ ಹೇಳಿದ್ರ, ಗುಡಿ ಹೋತು."

"ಗೊತ್ತೈತಿ," ಎಂದಳು ಸಾತವ್ವ. "ಅದಕ್ಕ ಮೂರು ದಿನದಿಂದ ಕೂಳು ಇಳಿಯವಲ್ದು."

"ಅವರು ಒಳಗ ಇದ್ದದ್ದು ಇನ್ಯಾರಿಗೆ ಗೊತ್ತಿತ್ತು? ಅವರೊಬ್ಬರನ್ನ ಬಿಟ್ಟು ಹೋಗಿದ್ರೇನು?"

ಸಾತವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಕ್ಕಾರ, ಮಸಿ ಹಚ್ಚಿದಾಂವ ಮನಿ ಒಳಗ ಬಂದಾನ. ದಿಂಬು ತಾನಾಗಿ ಕಾಲ ಕಡೆ ಹೋಗೂದಿಲ್ಲ. ನಿಮಗ ಅದು ಗೊತ್ತೈತಿ. ಐದು ತಿಂಗಳಾತು, ನನಗೊಂದು ಮಾತು ಹೇಳಿಲ್ಲ. ಯಾರನ್ನ ಉಳಸಾಕತ್ತೀರಿ?"

"ನೀಲಾ ಇದ್ಲು."

ಹೆಸರು ಬಾಯಿಂದ ಹೊರಬಿದ್ದ ಮೇಲೆ ಸಾತವ್ವ ಬೆನ್ನನ್ನು ಗೋಡೆಗೆ ಒರಗಿಸಿದಳು.

ಮೇ ಎರಡರಂದು ತಾನು ಇಡೀ ದಿನ ಬೆಳಗಾವಿಯಲ್ಲಿದ್ದೆ ಎಂದು ನೀಲಾ ಪ್ರಮಾಣಪತ್ರ ಕೊಟ್ಟಿದ್ದಳು. ಅದನ್ನು ಬರೆಸಿದವಳು ಜಿನಮತಿ. ಸಹಿ ಮಾಡುವಾಗ ಹುಡುಗಿ ಅದನ್ನು ಓದದೆಯೇ ಹಾಳೆ ಮುಂದಕ್ಕೆ ತಳ್ಳಿದ್ದನ್ನು ಅವಳು ನೋಡಿದ್ದಳು. ಕೋರ್ಟಿನ ಹೆದರಿಕೆ ಎಂದುಕೊಂಡು ಸುಮ್ಮನಾಗಿದ್ದಳು.

"ಹಿಂದಿನ ರಾತ್ರಿ ಕಡೇ ಬಸ್ಸಿಗೆ ಬಂದಿದ್ಲು. ಯಾರೂ ನೋಡಿಲ್ಲ. ಅಪ್ಪನ ಬಾಜೂಕ ನೀ ಇರು ಅಂತ ಹೇಳಿ, ಹೊರಗಿನಿಂದ ಕೀಲಿ ಹಾಕಿ ಹೋದೆ. ಸಂಜೀಗೆ ಬಂದ್ರ ಆಕಿ ಇಲ್ಲ. ಹಿತ್ತಲ ಬಾಗಲಾ ತೆರದಿತ್ತು. ಮರುದಿನ ಫೋನ್ ಮಾಡಿಸಿದ ಮ್ಯಾಲ ಬಂದ್ಲು. ಎದಿ ಬಡ್ಕೊಂಡು ಅತ್ಲು." ಸಾತವ್ವನ ದನಿ ಮೊದಲ ಬಾರಿ ಒಡೆಯಿತು. "ಅಪ್ಪ ಹೆಂಗ ಹೋದ ಅಂತ ಆಕಿ ನನ್ನ ಕೇಳಲಿಲ್ರಿ. ಒಂದ ಸಲಾನೂ ಕೇಳಲಿಲ್ಲ. ನಾನೂ ಕೇಳಿಲ್ಲ. ಉಳದಾಕಿ ಆಕಿ ಒಬ್ಬಾಕಿ. ಕೇಳಿ ಏನ ಮಾಡ್ಲಿ?"

ಬಾಗಿಲಲ್ಲಿ ನೆರಳು ಬಿತ್ತು.

ನೀಲಾ ನಿಂತಿದ್ದಳು. ಭುಜದ ಮೇಲೆ ಚೀಲ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಇಪ್ಪತ್ತೆರಡು ವರ್ಷದ ಹುಡುಗಿ. ಆಸ್ಪತ್ರೆಯ ಫಿನಾಯಿಲಿನ ವಾಸನೆ ಅವಳ ಜೊತೆಗೇ ಒಳಗೆ ಬಂತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹಂಗಾರ ನೀನು ನಾನಽ ಅಂತ ತಿಳದಿದ್ದೆ?" ಎಂದಳು ತಾಯಿಗೆ.

"ನೀಲಾ..."

"ನಾ ಹೋಗೂ ಮುಂದ ಅಪ್ಪಗ ಉಸಿರಿತ್ತು. ಗಂಜಿ ಕುಡಿಸಿ, ಬಾಯಿ ಒರಸಿ, ದಿಂಬು ಸರಿ ಮಾಡಿ ಹೋಗೀನಿ. ನನ್ನ ಕಡೆ ನೋಡಿದ. ಕೈಯಾಗ ಮಸಿ ಗಿಸಿ ಏನೂ ಇರಲಿಲ್ಲ." ಅವಳು ಹೊಸ್ತಿಲಲ್ಲೇ ಕುಳಿತಳು. "ಕೋರ್ಟಿನ್ಯಾಗ ಆ ಹೆಬ್ಬಟ್ಟು ತೋರಿಸಿದಾಗ ನಾ ಏನ ತಿಳೀಲಿ, ಅವ್ವಾ? ಕಟ್ಟಕಡೀಗೆ ಆ ಮನ್ಯಾಗ ಕಾಲಿಟ್ಟಾಕಿ ನೀ ಅಂತ ತಿಳದಿದ್ದೆ. ಸಾಕಾಗಿ ನೀನಽ ಒತ್ತಿಸಿಕೊಟ್ಟಿರಬೇಕು ಅನಕೊಂಡೆ. ಅದಕ್ಕ ಬೆಳಗಾವ್ಯಾಗ ಇದ್ದೆ ಅಂತ ಸುಳ್ಳು ಬರಸಿದೆ. ನಿನ್ನ ಹೆಸರು ಬರಬಾರದು ಅಂತ."

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಐದು ತಿಂಗಳು, ನೀಲಾ ಊರಿಗೆ ಬಂದಾಗಲೆಲ್ಲ, ಒಂದೇ ಒಲೆಯ ಮುಂದೆ ಕುಳಿತು ಒಬ್ಬರ ಗಂಗಾಳಕ್ಕೆ ಇನ್ನೊಬ್ಬರು ಬಡಿಸಿಕೊಂಡಿದ್ದರು. ಒಂದು ಮಾತು ಕೇಳಿದ್ದರೆ ಸಾಕಿತ್ತು.

ಜಿನಮತಿ ಮೆಲ್ಲಗೆ ಕೇಳಿದಳು. "ನೀಲಾ, ಅಪ್ಪನ್ನ ಒಬ್ಬರನ್ನ ಬಿಟ್ಟು ಯಾಕ ಹೋದಿ?"

"ಒಬ್ಬನ್ನ ಬಿಟ್ಟು ಹೋಗಿಲ್ರಿ. ಹೊತ್ತು ನೆತ್ತಿ ಮ್ಯಾಲ ಬಂದಾಗ ಹಿತ್ತಲಿಂದ ಮುತ್ತಪ್ಪ ಕಾಕಾ ಬಂದ. ನಿಮ್ಮವ್ವ ಕಳಿಸ್ಯಾಳ, ನಾ ಅಣ್ಣನ ಹಂತ್ಯಾಕ ಕುಂದರ್ತೀನಿ, ನಿನಗ ಸಂಜಿ ಡ್ಯೂಟಿ ಐತಿ ಹೋಗು ಅಂದ. ನಾ ಗದ್ದಿ ದಾಟಿ ರೈಲು ಹಳಿ ಹಿಡದು ಖಾನಾಪುರಕ್ಕ ನಡದೆ. ಮರುದಿನ ಮಣ್ಣು ಮಾಡೂ ಮುಂದ ಕಾಕಾನ್ನ ಕೇಳಿದ್ನಿ. ಸಂಜಿ ಮುಂದ ನಾ ತೋಪಿಗೆ ತಿರುಗಿ ಹೋದಾಗ ಅಣ್ಣ ಚಲೋ ಇದ್ದ, ಆಮ್ಯಾಲಿಂದು ನಿಮ್ಮವ್ವಗ ಗೊತ್ತು, ಆಕೀಗೆ ಏನೂ ಕೇಳಬ್ಯಾಡ ಅಂದ."

ಸಾತವ್ವ ನಿಧಾನವಾಗಿ ತಲೆ ಅಲ್ಲಾಡಿಸಿದಳು.

"ನಾ ಅವನ್ನ ಕಳಿಸಿಲ್ಲ," ಎಂದಳು. "ಅವರು ಮನ್ಯಾಗ ಅದಾರ ಅಂತ ಅವಗ ಹೇಳೂ ಇಲ್ಲ."

ಜಿನಮತಿಯ ಮಡಿಲಲ್ಲಿದ್ದ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಮುತ್ತಪ್ಪನದು. ಪೂಜೆಯ ಹಕ್ಕು ತನಗೇ ಬರಬೇಕಾದವನು ಅದನ್ನು ರಾಯಪ್ಪನಿಗೆ ಬರೆಸಿಕೊಟ್ಟದ್ದು ಯಾಕೆ? ಬರೆಸಿಕೊಟ್ಟ ಮೇಲೆ ಅತ್ತಿಗೆಯ ಪರವಾಗಿ ಐದು ತಿಂಗಳು ಕೋರ್ಟಿಗೆ ಅಲೆದದ್ದು ಯಾಕೆ?

"ಬಾಯಾರ," ಎಂದಳು ಸಾತವ್ವ, ಪಿಸುದನಿಯಲ್ಲಿ. "ಈ ಮನ್ಯಾಗ ಉಳದ ಗಂಡಸು ಅಂವ ಒಬ್ಬನ. ಅವನ ಹೆಸರು ಹೇಳಿದ್ರ ದೇವೀಗೆ ಪೂಜಾರಿ ಇಲ್ಲ. ಗುಡಿ ರಾಯಪ್ಪಂದು. ಹೇಳದಽ ಗೆದ್ದರ..." ಅವಳು ಹೊರಗಿನ ಕಟ್ಟೆಯ ಕಡೆಗೆ ಕಣ್ಣು ತಿರುಗಿಸಿದಳು. "ಅವರ ಉಸಿರು ತಗದ ಕೈ ನಾಳಿಂದ ದೇವಿ ಮೈ ತೊಳೀಬೇಕು."

ಹೊರಗಿನ ಕಟ್ಟೆಯಿಂದ ದನಿ ಬಂತು. "ವೈನೀ, ಬಾಯಾರಿಗೆ ಚಾ ಆತೇನು? ಬಸ್ಸಿನ ಟೈಮ್ ಆತು."

ನೀಲಾ ತಾಯಿಯ ಕೈ ಹಿಡಿದಳು. ಸಾತವ್ವ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡ ಮಲಗುತ್ತಿದ್ದ ಗೋಡೆಯ ಬದಿಗೆ ಒಂದು ಮಣೆ ಹಾಕಿದಳು.

"ಇನ್ನೂ ಆಗಿಲ್ಲ," ಎಂದಳು, ದಿನವೂ ಮಾತಾಡುವ ದನಿಯಲ್ಲೇ. "ನೀ ಒಳಗ ಬಾ ಮುತ್ತಪ್ಪಾ. ಇಲ್ಲಿ ಕುಂದರು."